ಉತ್ತರವಿಲ್ಲದ ಮೂವತ್ತೆಂಟು

ಹೊನ್ನಕಲ್ಲಿನ ಗಣಿ ಕಾಲೊನಿಯಲ್ಲಿ ಆರು ವರ್ಷಗಳಿಂದ ಯಾರ ಮನೆಯ ದೀಪವೂ ಹಳದಿಯಾಗಿರಲಿಲ್ಲ.

ದೀಪವೆಂದರೆ ಅಂಗೈ ಅಗಲದ ಒಂದು ಗಾಜಿನ ಬಿಲ್ಲೆ. ಹೆಚ್ಚಿನ ಮನೆಗಳಲ್ಲಿ ಅದನ್ನು ಅಡುಗೆಮನೆಯ ಗೋಡೆಗೆ ಹಾಕಿಸಿಕೊಂಡಿದ್ದರು. ಕಾಯುವವರು ಹೆಚ್ಚು ಹೊತ್ತು ಇರುವುದು ಅಲ್ಲೇ ತಾನೆ. ಮನೆಯವರು ಗಣಿಯೊಳಗೆ ಇಳಿದ ಕೂಡಲೇ ಅದು ಹೊತ್ತಿಕೊಳ್ಳುತ್ತಿತ್ತು. ಅವರು ನಿಂತ ಜಾಗದ ಗಾಳಿ ಒಳ್ಳೆಯದಿದ್ದರೆ ಹಸಿರು, ಕೆಟ್ಟರೆ ಕೆಂಪು, ಅಲ್ಲಿಂದ ಸುದ್ದಿಯೇ ಬರದಿದ್ದರೆ ಹಳದಿ. ಬಣ್ಣದ ಕೆಳಗೆ ಸಣ್ಣದೊಂದು ಅಂಕಿ, ಆ ಗಾಳಿಯಲ್ಲಿ ವಿಷಾನಿಲ ಎಷ್ಟಿದೆ ಎಂದು ಹೇಳುವಂಥದ್ದು. ಐವತ್ತು ದಾಟಿದರೆ ಕೆಂಪು. ಸಾವಿರದ ಆರುನೂರು ಮೀಟರ್ ಆಳದಲ್ಲಿ ಚಿನ್ನದ ಕಲ್ಲು ಒಡೆಯುವವರ ಉಸಿರು ಹೀಗೆ ಒಗ್ಗರಣೆಯ ಹೊಗೆ ತಾಗಿದ ಗೋಡೆಗಳ ಮೇಲೆ ಇಡೀ ದಿನ ಉರಿಯುತ್ತಿತ್ತು.

ಅಂದು ಮುಂಜಾನೆ ನೀಲಾಂಬಿಕಾ ರೊಟ್ಟಿ ಬಡಿಯುತ್ತಿದ್ದರೆ ಸೊಸೆ ಮಹಾದೇವಿ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಿದಳು. ಡಬ್ಬಿ ಮುಚ್ಚಿಟ್ಟಳು. ಮತ್ತೆ ತೆಗೆದು ಮತ್ತೊಮ್ಮೆ ಹಾಕಿದಳು. ಸೊಸೆ ಹೆಲ್ಮೆಟ್ ತರಲು ಒಳಗೆ ಹೋದಾಗ ನೀಲಾಂಬಿಕಾ ಪಲ್ಯಕ್ಕೆ ಒಂದು ಹಿಡಿ ಶೇಂಗಾಪುಡಿ ಬೆರೆಸಿ ಹದ ಮಾಡಿಟ್ಟರು.

"ತಲಿ ಇನ್ನೂ ನೋಯ್ತದೇನು?" ಎಂದು ಕೇಳಿದರು.

"ಹೂಂ ಅತ್ತಿ. ಮ್ಯಾಲ ಬಂದ ಮ್ಯಾಲೆ ಒಂದು ತಾಸು ಇರ್ತದ, ಹೋಗ್ತದ. ಏಳನೇ ಹಂತದಾಗ ಸೆಕಿ ಭಾಳ." ಮಹಾದೇವಿ ಏಳನೆಯ ಹಂತದ ಶಿಫ್ಟಿನ ಮುಖ್ಯಸ್ಥೆ. ಅವಳ ಕೈಕೆಳಗೆ ತೊಂಬತ್ತೈದು ಜನ. ತೀರ ಕೆಳಗಿನ ಆ ಹಂತಕ್ಕೆ ಹಗಲಿನ ಒಂದೇ ಪಾಳಿ, ಎಂಟರಿಂದ ನಾಲ್ಕು. "ಎಲ್ಲಾರಿಗೂ ಅದ. ಹಣಮೇಶ ಅಂತೂ ನಿನ್ನೆ ಕುಂತಲ್ಲೇ ಗೊರಕಿ ಹೊಡೀಲಿಕತ್ತಿದ್ದ."

"ಅಂವಾ ಹುಟ್ಟಿದಾಗ್ಲೂ ಹಂಗ," ಎನ್ನುತ್ತ ಪಕ್ಕದ ಮನೆಯ ಹುಲಿಗೆವ್ವ ಅಗಸೆ ಚಟ್ನಿಪುಡಿಯ ಡಬ್ಬಿ ಹಿಡಿದು ಒಳಗೆ ಬಂದಳು. ಹಣಮೇಶ ಅವಳ ಒಬ್ಬನೇ ಮಗ, ಏಳನೆಯ ಹಂತದಲ್ಲಿ ಕಲ್ಲು ತುಂಬುವ ಗಾಡಿ ಓಡಿಸುವವನು. "ಸೂಲಗಿತ್ತಿ ಬೆನ್ನ ಮ್ಯಾಲೆ ನಾಕು ಬಾರಿಸಿದ ಮ್ಯಾಲೆ ಅತ್ತಿದ್ದು. ನೀ ಅವಂಗ ಅಲ್ಲೇ ಬೆನ್ನಿಗೆ ಎರಡು ಕೊಡವಾ ಮಾದೇವಿ, ನಾ ಏನೂ ಅನ್ನೂದಿಲ್ಲ."

ಮಹಾದೇವಿ ನಕ್ಕು ಹೊರಟಳು. ಎಂಟು ಗಂಟೆಗೆ ಗೋಡೆಯ ದೀಪ ಹಸಿರಾಯಿತು. ಕೆಳಗೆ ಅಂಕಿ ಆರು.

ನೀಲಾಂಬಿಕಾ ಕೆಲಸ ಮಾಡುವುದೂ ಅದೇ ಗಣಿಯಲ್ಲಿ, ಆದರೆ ನೆಲದ ಮೇಲೆ. ನಿಯಂತ್ರಣ ಕೊಠಡಿಯ ಮೂಲೆಯ ಮೇಜಿನಲ್ಲಿ ಕುಳಿತು ಕಂಪ್ಯೂಟರಿನ ಕರ್ನೆಲ್ ಪರಿಶೀಲಿಸುವುದು ಮೂವತ್ತು ವರ್ಷದಿಂದ ಅವರ ಕೆಲಸ. ಕರ್ನೆಲ್ ಎಂದರೆ ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ತೀರ ಒಳಗಿನ ತಿರುಳು. ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುವುದೆಲ್ಲ ಅದು ಹೇಳಿದ್ದನ್ನು ನಂಬಿಕೊಂಡು ನಡೆಯುತ್ತದೆ. ಗಣಿಯ ಒಂದೊಂದು ಹಂತಕ್ಕೂ ಒಂದು ಬಸ್ ಇತ್ತು. ಬಸ್ ಎಂದರೆ ಇಲ್ಲಿ ಸುರಂಗದ ಉದ್ದಕ್ಕೂ ಹಾಯ್ದ ಒಂದೇ ತಂತಿ. ಅದಕ್ಕೆ ನಲವತ್ತು ಗಾಳಿಮಾಪಕಗಳು ಸಾಲಾಗಿ ಜೋತುಕೊಂಡಿರುತ್ತವೆ. ಎಲ್ಲವೂ ಒಮ್ಮೆಲೇ ಮಾತಾಡಿದರೆ ಗದ್ದಲವಾಗುತ್ತದೆಂದು ಕರ್ನೆಲ್ ಒಂದೊಂದನ್ನೇ ಅದರ ಸಂಖ್ಯೆ ಹಿಡಿದು ಕರೆಯುತ್ತದೆ, ಇಷ್ಟು ಹೊತ್ತು ಎಂದು ಕಾಯುತ್ತದೆ, ಬಂದ ಉತ್ತರವನ್ನು ಬರೆದುಕೊಂಡು ಮುಂದಿನದನ್ನು ಕರೆಯುತ್ತದೆ. ಯಾವ ಮಾಪಕಕ್ಕೆ ಯಾವ ಸಂಖ್ಯೆ, ಎಷ್ಟು ಹೊತ್ತು ಕಾಯಬೇಕು, ಉತ್ತರ ಬರದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಯಾರೋ ಕೂತು ಬರೆದಿರಬೇಕು. ಮತ್ತೊಬ್ಬರು ಅದನ್ನು ಓದಿ, ಕೆಳಗೆ "ನೋಡಿದ್ದೇನೆ" ಎಂದು ತಮ್ಮ ಹೆಸರು ಹಾಕಬೇಕು.

ಸೋಮವಾರ ಹೊಸ ಕರ್ನೆಲ್ ಬರುವುದಿತ್ತು. ಪರಿಶೀಲನೆಗೆಂದೇ ಇದ್ದ ಯಂತ್ರ ಅದನ್ನಾಗಲೇ ಓದಿ ಒಪ್ಪಿಗೆ ಕೊಟ್ಟಿತ್ತು. ಆದರೂ ಮನುಷ್ಯರ ಎರಡು ಹೆಸರು ಬೇಕೆಂಬ ಹಳೆಯ ನಿಯಮ ಹಾಗೇ ಉಳಿದಿತ್ತು.

"ಬರೀ ಶಾಸ್ತ್ರ ರೀ ಮೇಡಂ," ಎಂದರು ವ್ಯವಸ್ಥಾಪಕ ಪ್ರಹ್ಲಾದ ಕಟ್ಟಿ. ದಿನವೂ ಹನ್ನೊಂದಕ್ಕೆ ಕೊಠಡಿಯವರಿಗೆಲ್ಲ ತಾವೇ ಮನೆಯಿಂದ ತಂದ ಮಜ್ಜಿಗೆ ಹಂಚುವುದು ಅವರ ರೂಢಿ. ನೀಲಾಂಬಿಕಾಗೆ ಸಕ್ಕರೆ ಕಾಯಿಲೆ ಎಂದು ಅವರ ಲೋಟಕ್ಕೆ ಮಾತ್ರ ಶುಂಠಿ ಹೆಚ್ಚು. "ಎರಡು ತಿಂಗಳಾದ್ರ ನಿವೃತ್ತಿ ನಿಮಗ. ಹೆಸರು ಹಾಕಿ ಮನಿಗೆ ಹೋಗಿ ಆರಾಮ ಮಾಡ್ರಿ."

ಹೆಸರು ಹಾಕಬಹುದಿತ್ತು. ಆದರೆ ಹೊಸ ಕರ್ನೆಲಿನಲ್ಲಿ ಸಾಲುಗಳು ಸ್ವಲ್ಪ ಮೇಲೆಕೆಳಗಾಗಿ, ಹಿಂದೆಂದೂ ಓದಿರದ ಒಂದು ಭಾಗ ಅವರ ಕಣ್ಣೆದುರಿಗೆ ಬಂದು ಕೂತಿತು. ಹದಿನಾಲ್ಕೇ ಸಾಲು. ಮಾಪಕ ಉತ್ತರ ಕೊಡದಿದ್ದರೆ ಅದರ ಎಡಬಲದ ಮಾಪಕಗಳ ಅಂಕಿ ತೆಗೆದುಕೊಂಡು, ಎರಡರ ನಡುವಿನ ಅಂಕಿಯನ್ನು ಇದರ ಜಾಗದಲ್ಲಿ ಬರೆ. ಸಾಲಾಗಿ ಮೂರು ಸಲ ಉತ್ತರ ಬರದಿದ್ದರೆ ಮಾತ್ರ ಹಳದಿ ತೋರಿಸು.

ಓದಿದರೆ ತಪ್ಪೇನೂ ಕಾಣುತ್ತಿರಲಿಲ್ಲ. ನೀಲಾಂಬಿಕಾ ಬೆರಳಿಟ್ಟು ಎರಡನೆಯ ಸಲ ಓದಿದರು. ಮೂರು ಸಲ ಎಂದು ಎಣಿಸುವವರು ಯಾರು? ಒಂದು ಪುಟ ಹಿಂದೆ ಆ ಎಣಿಕೆ ಇತ್ತು. ಮಾಪಕದ ಜಾಗದಲ್ಲಿ ಅಂಕಿಯೊಂದನ್ನು ಬರೆದ ಕೂಡಲೇ ಎಣಿಕೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಅಂಕಿ ಮಾಪಕ ಕೊಟ್ಟದ್ದೋ ನೆರೆಯವರಿಂದ ಎರವಲು ತಂದದ್ದೋ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅಂದರೆ ಎಣಿಕೆ ಒಂದನ್ನು ದಾಟುವುದೇ ಇಲ್ಲ. ಸತ್ತ ಮಾಪಕದ ಪರವಾಗಿ ಪಕ್ಕದವು ಎಷ್ಟು ವರ್ಷ ಬೇಕಾದರೂ ಹೇಳುತ್ತ ಹೋಗಬಹುದು. ಪಕ್ಕದ್ದೂ ಸತ್ತರೆ ಅದರ ಪಕ್ಕದ್ದು.

ಆ ಸಾಲುಗಳ ಕೆಳಗೆ ಎರಡು ಹೆಸರಿದ್ದವು. ಬರೆದವನು ಇದೇ ಕೊಠಡಿಯ ಜಹೀರುದ್ದೀನ್. ನೋಡಿದ್ದೇನೆ, ನೀಲಾಂಬಿಕಾ ಹಿರೇಮಠ.

ದಿನಾಂಕ ಕಂಡ ಮೇಲೆ ಎಲ್ಲ ನೆನಪಾಯಿತು. ಆಗ ತಂತಿಯಲ್ಲಿ ಸದ್ದು ಹೆಚ್ಚಾಗಿ, ಒಂದು ಕರೆ ತಪ್ಪಿದರೂ ದೀಪ ಹಳದಿಯಾಗುತ್ತಿತ್ತು. ಒಂದು ಮಧ್ಯಾಹ್ನ ಐವತ್ತು ಮನೆಗಳ ದೀಪ ಒಟ್ಟಿಗೆ ಹಳದಿಯಾಗಿ, ಹೆಂಗಸರೆಲ್ಲ ಗಣಿಯ ಗೇಟಿಗೆ ಓಡಿ, ಅರ್ಧವೇ ತೆರೆದಿದ್ದ ಗೇಟಿನಲ್ಲಿ ನೂಕಾಟವಾಗಿ ಇಬ್ಬರು ಸತ್ತರು. ಗಣಿಯೊಳಗೆ ಯಾರಿಗೂ ಏನೂ ಆಗಿರಲಿಲ್ಲ. ಇನ್ನು ಯಾರನ್ನೂ ಸುಮ್ಮನೆ ಹೆದರಿಸಬಾರದೆಂದು ಜಹೀರ ಮೂರು ದಿನ ಮನೆಗೆ ಹೋಗದೆ ಈ ಸಾಲುಗಳನ್ನು ಬರೆದ. ಮೂರನೆಯ ದಿನ ಸಂಜೆ ರಾಯಚೂರಿನ ಆಸ್ಪತ್ರೆಯಿಂದ ಫೋನ್ ಬಂತು, ಹೆಂಡತಿಗೆ ನೋವು ಶುರುವಾಗಿದೆ ಎಂದು. "ನೀ ಹೋಗಪ್ಪಾ, ನಾ ನೋಡ್ತೀನಿ," ಎಂದು ನೀಲಾಂಬಿಕಾ ಅವನೆದುರಿಗೇ ತಮ್ಮ ಹೆಸರು ಹಾಕಿ ಕಳಿಸಿದ್ದರು. ಅವನು ಹೋದ ಮೇಲೆ ಓದಿದರಾಯಿತು ಎಂದುಕೊಂಡಿದ್ದರು. ಮರುದಿನ ಹೆಣ್ಣುಮಗು ಹುಟ್ಟಿದ ಸುದ್ದಿಯೊಂದಿಗೆ ಪೇಢೆ ಬಂದಿತ್ತು.

ಆ ಕೊಠಡಿಯಲ್ಲಿ ಅದೊಂದು ಅಪರೂಪದ ಸಂಗತಿಯಾಗಿರಲಿಲ್ಲ. ಒಬ್ಬರ ಮನೆಯಲ್ಲಿ ಸಾವು, ಇನ್ನೊಬ್ಬರ ಮಗಳ ಪರೀಕ್ಷೆ. ಹೋಗು ಎಂದು ಕಳಿಸಿ ಉಳಿದವರು ಹೆಸರು ಹಾಕುತ್ತಿದ್ದರು. ಹಾಕದವರನ್ನು ಕಲ್ಲುಮನಸ್ಸಿನವರು ಎನ್ನುತ್ತಿದ್ದರು.

ಜಹೀರನನ್ನು ಕರೆದು ತೋರಿಸಿದರು. ಅವನು ಬಹಳ ಹೊತ್ತು ಪರದೆ ನೋಡಿ ಕೂದಲೊಳಗೆ ಕೈ ಆಡಿಸಿಕೊಂಡ. "ತಪ್ಪು ಅದ ಅಕ್ಕಾರ," ಎಂದ. "ಆದ್ರ ಮಾಪಕ ಸತ್ತರ ತಾನ ಇದು ಬಾಧಿಸೂದು? ಆರು ವರ್ಷದಾಗ ಎಂದಾದ್ರೂ ಕೆಂಪು ಬಂದದೇನು? ಎಲ್ಲಾ ಛಲೋ ನಡದಾವ."

"ಸತ್ತದ್ದನ್ನ ಯಾರು ಹೇಳಬೇಕು ಜಹೀರ, ಹೇಳಾವ್ರ ಬಾಯಿ ನಾವ ಮುಚ್ಚಿಸೀವಿ."

ಅಷ್ಟರಲ್ಲಿ ನಾಲ್ಕು ಹೊಡೆದು ಏಳನೆಯ ಹಂತದವರೆಲ್ಲ ಮೇಲೆ ಬಂದರು. ನಾಳೆ ಮುಂಜಾನೆ ಒಂದೊಂದೇ ಮಾಪಕ ನೋಡೋಣ ಎಂದು ಇಬ್ಬರೂ ಮಾತಾಡಿಕೊಂಡರು. ಆ ರಾತ್ರಿ ಮಹಾದೇವಿ ತಾಟಿನ ಮುಂದೆ ಕೂತು, ಕೈಯಲ್ಲಿ ಹಿಡಿದ ರೊಟ್ಟಿಯ ಚೂರನ್ನು ಬಾಯಿಗಿಡುವ ಮೊದಲೇ ಕಣ್ಣು ಮುಚ್ಚಿದಳು. ನೀಲಾಂಬಿಕಾ ಅವಳ ಕೈ ತೊಳೆಸಿ ಮಲಗಿಸಿದರು. ತುಟಿಗಳು ಎಂದಿಗಿಂತ ಕೆಂಪಗಿದ್ದವು. ಸೆಕೆಯಿಂದ ಇರಬೇಕು ಎಂದುಕೊಂಡರು.

ಮರುದಿನ ಮಹಾದೇವಿ ಹೋದ ಮೇಲೆ, ಕೆಲಸಕ್ಕೆ ಹೊರಡುವ ಮುನ್ನ, ನೀಲಾಂಬಿಕಾ ಅಡುಗೆಮನೆಯಲ್ಲಿ ನಿಂತು ದೀಪವನ್ನೇ ನೋಡಿದರು. ಹಸಿರು, ಆರು. ಅರ್ಧ ತಾಸು ಬಿಟ್ಟು ಬಂದು ನೋಡಿದಾಗಲೂ ಆರು. ಹಿತ್ತಲ ಬಾಗಿಲಿಂದ ಹುಲಿಗೆವ್ವನ ಮನೆಗೆ ಹೋದರು. ಅಲ್ಲಿಯೂ ಹಸಿರು, ಆರು.

"ಹುಲಿಗೆವ್ವ, ಹಣಮೇಶ ಎಲ್ಲಿ ಗಾಡಿ ಹೊಡೀತಾನ?"

"ಹೊಸಾ ಸುರಂಗದ ತುದ್ಯಾಗ. ಮಾದೇವಿ ಕುಂಡ್ರೂದು ಪಂಪಿನ ಕಡಿ ಅಲ್ಲೇನು? ಇಬ್ಬರಿಗೂ ಅರ್ಧ ಮೈಲಿ ದೂರ ಅಂತಾನಪ್ಪ. ಯಾಕ?"

"ಇಬ್ಬರ ದೀಪದಾಗೂ ಒಂದ ಅಂಕಿ ಅದ."

ಹುಲಿಗೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಆ ಅಂಕಿಗಳ ಆಕಾರ ಅವಳಿಗೆ ಬಾಯಿಪಾಠವಾಗಿತ್ತು. "ಅದರದ ಒಂದು ಕೇಳೂದಿತ್ತು ನೋಡಕ್ಕ ನಿನ್ನ. ಮೊದಲ ಅಂವ ಗಾಡಿ ಚಾಲೂ ಮಾಡಿದ ಕೂಡ್ಲೆ ಇದು ಹದಿನೈದಕ್ಕ ಏರತಿತ್ತು. ಗಾಡಿ ಹೊಗಿ ಅಲ್ಲೇನು. ಅದನ್ನ ನೋಡಿ, ಹಾಂ, ಮಗ ಕೆಲಸಕ್ಕ ಹತ್ತಿದ ಅಂತ ನಾ ಚಾಕ್ಕ ಇಡತಿದ್ದೆ. ಈಗ ಏರೂದ ಇಲ್ಲ. ಹೊಸಾ ಗಾಡಿ ಕೊಟ್ಟಾರ ಅನ್ಕೊಂಡಿದ್ದೆ."

"ಯಾವಾಗಿಂದ ಏರವಲ್ದು?"

ಹುಲಿಗೆವ್ವ ಬೆರಳು ಮಡಚಿದಳು. "ಹೋದ ದೀಪಾವಳಿ ಹಿಂದಿಂದ. ಈಗ ಹನ್ನೊಂದು ತಿಂಗಳಾತಲ್ಲ." ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಇಬ್ಬರೂ ಅತ್ತ ತಿರುಗಲಿಲ್ಲ.

ನಿಯಂತ್ರಣ ಕೊಠಡಿಗೆ ನೀಲಾಂಬಿಕಾ ಓಡುತ್ತಲೇ ಹೋದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಕಂಡವರಿರಲಿಲ್ಲ. ಜಹೀರ ಕುರ್ಚಿ ಬಿಟ್ಟುಕೊಟ್ಟ.

ಗಾಳಿಯ ಅಂಕಿಯನ್ನು ಪಕ್ಕದವರಿಂದ ಎರವಲು ತರಬಹುದು. ಆದರೆ ಪ್ರತಿ ಮಾಪಕದೊಳಗೂ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಒಂದು ಸಂಖ್ಯೆ ಇರುತ್ತದೆ. ಅದು ಪಕ್ಕದ್ದಕ್ಕೆ ಗೊತ್ತಿರುವುದಿಲ್ಲ. ನೀಲಾಂಬಿಕಾ ಏಳನೆಯ ಹಂತದ ಬಸ್ಸಿನ ಮೇಲೆ ಅದನ್ನೇ ಕೇಳಿದರು. ಒಂದನೆಯ ಮಾಪಕ ತನ್ನ ಸಂಖ್ಯೆ ಹೇಳಿತು. ಎರಡನೆಯದನ್ನು ಕೇಳಿದರು. ಪರದೆ ಸುಮ್ಮನಿತ್ತು. ಮೂರು. ನಾಲ್ಕು. ಜಹೀರ ಹಿಂದೆ ನಿಂತು ಮೆಲ್ಲಗೆ ಎಣಿಸುತ್ತಿದ್ದ. ಹತ್ತರ ನಂತರ ಅವನ ಧ್ವನಿ ನಿಂತಿತು. ನಲವತ್ತನೆಯದು ಮಾತ್ರ ಮತ್ತೆ ಉತ್ತರ ಕೊಟ್ಟಿತು.

ಒಂದನೆಯದೂ ನಲವತ್ತನೆಯದೂ ಸುರಂಗದ ಎರಡು ತುದಿಗಳಲ್ಲಿ, ಮೇಲಿನಿಂದ ತಾಜಾ ಗಾಳಿ ಇಳಿಯುವ ಕೊಳವೆಗಳ ಬಾಯಲ್ಲೇ ಇದ್ದವು. ನಡುವಿನ ಮೂವತ್ತೆಂಟು ಸತ್ತಿದ್ದವು. ಹನ್ನೊಂದು ತಿಂಗಳಿಂದ ಆ ಎರಡು ತುದಿಗಳ ಒಳ್ಳೆಯ ಗಾಳಿಯನ್ನೇ ಒಂದರಿಂದ ಒಂದು ಎರವಲು ಪಡೆದು ಅಷ್ಟೂ ಮಾಪಕಗಳು ಹಸಿರು ತೋರಿಸುತ್ತಿದ್ದವು.

"ಅಕ್ಕಾರ," ಎಂದ ಜಹೀರ. "ಫ್ಯಾನು."

ಗಣಿಯ ದೊಡ್ಡ ಫ್ಯಾನುಗಳು ಅದೇ ಅಂಕಿಗಳನ್ನು ನೋಡಿಕೊಂಡು ತಿರುಗುತ್ತಿದ್ದವು. ಗಾಳಿ ಚೆನ್ನಾಗಿದ್ದಷ್ಟು ನಿಧಾನ, ವಿದ್ಯುತ್ ಉಳಿತಾಯ. ಏಳನೆಯ ಹಂತದ ಫ್ಯಾನು ಹನ್ನೊಂದು ತಿಂಗಳಿಂದ ದಿನಕ್ಕಿಷ್ಟು ಎಂದು ನಿಧಾನವಾಗುತ್ತ ಬಂದು ಈಗ ಕಾಲುಭಾಗದ ವೇಗದಲ್ಲಿತ್ತು.

"ಈಗ ಜೋರು ಮಾಡ್ಲೇನು?"

"ಬ್ಯಾಡ. ಹಳೆ ಸುರಂಗದಾಗ ನಿಂತ ಕೆಟ್ಟ ಗಾಳಿ ಎಲ್ಲಾ ಮಂದಿ ಮ್ಯಾಲೆ ಬರ್ತದ. ಮೊದಲ ಅವರನ್ನ ಅಲ್ಲಿಂದ ತೆಗೀಬೇಕು."

ನೀಲಾಂಬಿಕಾ ಏಳನೆಯ ಹಂತಕ್ಕೆ ಫೋನ್ ಮಾಡಿದರು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಮಹಾದೇವಿ ಎತ್ತಿದಳು.

"ಮಾದೇವಿ, ಕೆಲಸ ನಿಂದರ್ಸು. ಎಲ್ಲಾರನ್ನೂ ಲಿಫ್ಟಿಗೆ ಕರಕೊಂಡು ಬಾ. ಗಾಳಿ ಕೆಟ್ಟದ."

"ಇಲ್ಲಿ ದೀಪದ ಬೋರ್ಡು ಹಸರ ಅದ ಅತ್ತಿ." ಒಂದೊಂದು ಮಾತನ್ನೂ ಅವಳು ಎಲ್ಲಿಂದಲೋ ಎತ್ತಿ ತರುವಂತಿತ್ತು. "ಹಸರ ಇದ್ದಾಗ ಕೆಲಸ ನಿಂದರ್ಸಾಕ ಸಾಹೇಬರ ಚೀಟಿ ಬೇಕು. ನೀವ ಹೇಳಿದ್ರಲ್ಲ... ಏನ ಹೇಳಿದ್ರಿ ಈಗ?"

"ಬೋರ್ಡು ಸುಳ್ಳು ಹೇಳ್ತದವ್ವಾ."

ಸೊಸೆ ನಕ್ಕಳು. ಮೃದುವಾದ, ನಿದ್ದೆಯ ನಗು. "ನೀವ ಬರದದ್ದು ಅತ್ತಿ ಅದು," ಎಂದಳು. ಫೋನ್ ಇಟ್ಟಳೋ ಕೈಜಾರಿತೋ ತಿಳಿಯಲಿಲ್ಲ.

ಆಗಷ್ಟೇ ಮನೆಯಿಂದ ಬಂದ ಕಟ್ಟಿಯವರು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡರು. ಆದರೂ ಅಡ್ಡಡ್ಡ ತಲೆಯಾಡಿಸಿದರು. "ಕೈಮಾಪಕ ಕೊಟ್ಟು ನಾಕು ಮಂದಿನ್ನ ಕೆಳಗ ಕಳಸ್ತೀನಿ. ಎರಡು ತಾಸಿನಾಗ ಖರೇ ಸುದ್ದಿ ತಿಳೀತದ. ಅಲ್ಲೀತನಕ ದೀಪ ಹಸರ ಇರ್ಲಿ."

"ಎರಡು ತಾಸು ಅವರಿಗಿಲ್ಲ ಸಾಹೇಬರ. ಆ ಹದಿನಾಲ್ಕು ಸಾಲು ತೆಗದಬಿಡ್ತೀನಿ. ಮೂವತ್ತೆಂಟು ಮಾಪಕ ಹಳದಿ ಆಗ್ತಾವ. ಬೋರ್ಡು ಹಳದಿ ಆದ್ರ ಯಾರ ಚೀಟಿನೂ ಬ್ಯಾಡ, ಆಕಿ ಎಲ್ಲಾರನ್ನೂ ತೆಗೀತಾಳ. ಅಷ್ಟು ತಿಳುವಳಿಕಿ ಆಕೀಗೆ ಇನ್ನೂ ಅದ."

"ತೊಂಬತ್ತಾರು ಮನಿ ದೀಪನೂ ಹಳದಿ ಆಗ್ತಾವ್ರಿ!" ಕಟ್ಟಿಯವರ ಧ್ವನಿ ಏರಿತು. "ಆವತ್ತ ಗೇಟಿನಾಗ ಸತ್ತವರಿಬ್ಬರೊಳಗ ಒಬ್ಬಾಕಿ ಯಾರ ಕೈ ಮ್ಯಾಲೆ ಜೀವಾ ಬಿಟ್ಲು ಗೊತ್ತದೇನು ನಿಮಗ? ನನ್ನ ಕೈ ಮ್ಯಾಲೆ. ಸುಳ್ಳು ಹಳದಿಗೆ ಸತ್ಲು ಆಕಿ."

"ಸಾಹೇಬರ, ನನ್ನ ಮನಿ ದೀಪನೂ ಅದರಾಗ ಅದ."

ಕಟ್ಟಿಯವರು ತಂಬಿಗೆಯನ್ನು ಮೇಜಿನ ಮೇಲಿಟ್ಟರು. ಮಜ್ಜಿಗೆ ಚೆಲ್ಲಿತು. ಅದನ್ನು ಅವರು ತಮ್ಮ ಕರವಸ್ತ್ರದಿಂದ ಒರೆಸಿದರು. ಆ ಹೊತ್ತಿನಲ್ಲಿಯೂ ನೀಲಾಂಬಿಕಾರ ಕಾಗದ ನೆನೆಯಬಾರದೆಂದು. "ನಾ ಗೇಟಿಗೆ ಹೋಗ್ತೀನಿ," ಎಂದರು. "ಎರಡೂ ಬಾಗಲಾ ಪೂರಾ ತೆಗಸ್ತೀನಿ. ಅಲ್ಲಿಂದ ಫೋನ್ ಮಾಡ್ತೀನಿ. ಅಲ್ಲೀತನಕ ತಡೀರಿ."

ಫೋನ್ ಬರಲು ಆರು ನಿಮಿಷ ಹಿಡಿಯಿತು. ಅಷ್ಟರಲ್ಲಿ ನೀಲಾಂಬಿಕಾ ಸಾಲುಗಳನ್ನು ತೆಗೆದಿದ್ದರು. ಜಹೀರ ಪ್ರತಿ ಅಕ್ಷರ ಓದಿ ನೋಡಿದ. ಕೆಳಗೆ ಹೆಸರು ಹಾಕುವ ಮೊದಲು ಇನ್ನೊಮ್ಮೆ ಓದಿದ. ಕರ್ನೆಲಿನ ಆ ಭಾಗವನ್ನು ಬಿಚ್ಚಿ ಮತ್ತೆ ಜೋಡಿಸುವ ಹತ್ತೊಂಬತ್ತು ಸೆಕೆಂಡು ಏಳನೆಯ ಹಂತದ ಬಗ್ಗೆ ಭೂಮಿಯ ಮೇಲೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಆಮೇಲೆ ಬಸ್ ಮೊದಲಿನಿಂದ ಕರೆಯತೊಡಗಿತು. ಒಂದು, ಹಸಿರು. ಎರಡು, ಉತ್ತರವಿಲ್ಲ. ಉತ್ತರವಿಲ್ಲ. ಉತ್ತರವಿಲ್ಲ. ಗೋಡೆಯ ಮೇಲಿನ ನಕ್ಷೆಯಲ್ಲಿ ಹಳದಿ ಒಂದು ತುದಿಯಿಂದ ಇನ್ನೊಂದಕ್ಕೆ ಹರಿಯಿತು. ಕಿಟಕಿಯಾಚೆ ಕಾಲೊನಿ ಒಂದು ಕ್ಷಣ ಎಂದಿನಂತೆಯೇ ಇತ್ತು. ನಂತರ ಬಾಗಿಲುಗಳು ತೆರೆದವು.

ನೀಲಾಂಬಿಕಾ ಗೇಟಿನ ಪಕ್ಕದ ಹಾಜರಿ ಕೋಣೆಗೆ ಬಂದಾಗ ಹೆಂಗಸರು ತುಂಬಿದ್ದರು. ಎರಡೂ ಬಾಗಿಲು ತೆರೆದಿದ್ದರಿಂದ ನೂಕಾಟವಾಗಿರಲಿಲ್ಲ. ಕಟ್ಟಿಯವರು ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ಒಬ್ಬೊಬ್ಬರಿಗೂ ದಾರಿ ತೋರಿಸುತ್ತಿದ್ದರು. ಚಪ್ಪಲಿ ಎಲ್ಲಿ ಬಿಟ್ಟಿದ್ದರೋ. ಹಾಜರಿ ಕೋಣೆಯಲ್ಲಿ ಏಳನೆಯ ಹಂತದ ಲಿಫ್ಟಿನ ಬಾಯಿಗೆ ನೇರ ಫೋನಿತ್ತು. ಅದರ ಸ್ಪೀಕರಿನಿಂದ ಕೆಮ್ಮು, ಕಾಲ ಸಪ್ಪಳ ಕೇಳುತ್ತಿತ್ತು. ಮಹಾದೇವಿ ಎಲ್ಲರನ್ನೂ ಅಲ್ಲಿಗೆ ತರುತ್ತಿದ್ದಳು.

ಎಲ್ಲರೂ ಒಮ್ಮೆಲೇ ಫೋನಿನೊಳಕ್ಕೆ ತಮ್ಮತಮ್ಮವರ ಹೆಸರು ಕೂಗತೊಡಗಿದರು. ಕೆಳಗಿನಿಂದ ಬಂದದ್ದೂ ಬರೀ ಗದ್ದಲ.

"ಸುಮ್ಮನಿರ್ರೇ!" ಎಂದಳು ಹುಲಿಗೆವ್ವ. ಆ ಧ್ವನಿಗೆ ಗೇಟಿನ ಕಾವಲುಗಾರನೂ ಸುಮ್ಮನಾದ. "ಅಕ್ಕಾ, ನೀ ಹೆಸರ ಓದು. ನಾ ಒಬ್ಬೊಬ್ಬರನ್ನ ಕರೀತೀನಿ. ಉಳದವರು ಬಾಯಿ ಮುಚ್ಚಿ ಕೇಳ್ರಿ."

ನೀಲಾಂಬಿಕಾ ಹಾಜರಿ ಪುಸ್ತಕ ತೆರೆದು ಓದಿದರು. ಹುಲಿಗೆವ್ವ ಕರೆದಳು, ಕಾದಳು. ಕೆಳಗಿನಿಂದ "ಅದೀನ್ರಿ" ಎಂದು ಬಂದ ಮೇಲೆ ಮುಂದಿನ ಹೆಸರು. ಒಂದೊಂದು ಉತ್ತರಕ್ಕೂ ಗುಂಪಿನಲ್ಲಿ ಎಲ್ಲೋ ಒಬ್ಬಳು ನೆಲಕ್ಕೆ ಕೂತುಬಿಡುತ್ತಿದ್ದಳು. ಪಕ್ಕದವಳು ಅವಳ ಭುಜ ಹಿಡಿದು, ಕಿವಿಯನ್ನು ಮಾತ್ರ ಫೋನಿನ ಕಡೆಗೇ ಇಟ್ಟಿರುತ್ತಿದ್ದಳು. "ಮಹಾದೇವಿ" ಎಂದಾಗ "ಅದೀನಿ" ಎಂಬ ಸಣ್ಣ ಉತ್ತರ ಬಂತು. ನೀಲಾಂಬಿಕಾ ಗುರುತು ಹಾಕಿದರು. ಪೆನ್ನು ಕಾಗದವನ್ನು ಹರಿಯಿತು.

ಎಪ್ಪತ್ತೊಂದನೆಯ ಹೆಸರು ಓದುವಾಗ ಅವರು ತಲೆಯೆತ್ತಲಿಲ್ಲ. "ಹಣಮೇಶ."

"ಹಣಮೇಶಾ!"

"ಅದೀನ್ರಿ," ಎಂದು ಕೂಡಲೇ ಬಂತು.

ನೀಲಾಂಬಿಕಾ ಗುರುತು ಹಾಕಲು ಹೋದರು. ಹುಲಿಗೆವ್ವ ಅವರ ಕೈ ಹಿಡಿದಳು.

"ಅದು ನನ್ನ ಮಗನ ದನಿ ಅಲ್ಲ. ಯಾರೋ ಅದು?"

"ನಾ ದೇವೇಂದ್ರಪ್ಪ, ಯವ್ವಾ. ಅಂವ ಹಿಂದ ಬರ್ಲಿಕತ್ತಾನ. ಬರ್ತಾನ. ಅದಾನ ಅಂತ ಬರಕೋರಿ."

ಗಣಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ರೂಢಿ. ಗೆಳೆಯ ಎರಡು ನಿಮಿಷ ತಡವಾದರೆ ಅವನ ಅರ್ಧ ದಿನದ ಪಗಾರ ಹೋಗಬಾರದೆಂದು ಪಕ್ಕದವನು ಅವನ ಹೆಸರಿಗೂ ಉತ್ತರ ಕೊಡುತ್ತಿದ್ದ. ಮೇಲ್ವಿಚಾರಕರೂ ಕೇಳದವರಂತೆ ಇರುತ್ತಿದ್ದರು. ದೇವೇಂದ್ರಪ್ಪ ಒಳ್ಳೆಯವನು. ಮೇಲೆ ನಿಂತ ತಾಯಿ ಹೆದರಬಾರದೆಂದು ಹೇಳಿದ್ದ.

"ನಿನ್ನ ಬಾಯಿ ನಿನಗಿರ್ಲೋ ದೇವ್ಯಾ," ಎಂದಳು ಹುಲಿಗೆವ್ವ. ಸಿಟ್ಟಿರಲಿಲ್ಲ. "ಅಂವ ಬರೂದನ್ನ ಕಣ್ಣಿಲೆ ನೋಡೀ ಏನು?"

"ಇಲ್ಲ ಯವ್ವಾ."

ಹುಲಿಗೆವ್ವ ನೀಲಾಂಬಿಕಾ ಕಡೆ ತಿರುಗಿದಳು. "ಉತ್ತರ ಬರ್ಲಿಲ್ಲ ಅಂತ ಬರಿ."

ನೀಲಾಂಬಿಕಾ ಬರೆದರು. ಆ ಎರಡು ಪದ ಬರೆಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಹುಲಿಗೆವ್ವ ಅಳಲಿಲ್ಲ, ಮುಂದಿನ ಇಪ್ಪತ್ತೈದು ಹೆಸರುಗಳನ್ನೂ ಕರೆದು ಮುಗಿಸಿದಳು. ಎಲ್ಲರೂ ಇದ್ದರು. ಮತ್ತೆ ಎಪ್ಪತ್ತೊಂದಕ್ಕೆ ಬಂದಳು.

"ಹಣಮೇಶಾ!"

ಸ್ಪೀಕರಿನಲ್ಲಿ ಮಹಾದೇವಿಯ ಧ್ವನಿ ಬಂತು. "ನಾ ಹೋಗ್ತೀನಿ ಅತ್ತಿ. ಉಸಿರಿನ ಮುಖವಾಡ ಹಾಕ್ಕೊಂಡೀನಿ. ದೇವೇಂದ್ರನೂ ಬರ್ತಾನ. ಉಳದವರನ್ನ ಲಿಫ್ಟಿಗೆ ಹತ್ತಸ್ರಿ."

ಬೇಡ ಎಂಬ ಮಾತು ನೀಲಾಂಬಿಕಾರ ಬಾಯಿಯ ತನಕ ಬಂತು. ಪಕ್ಕದಲ್ಲಿ ಹುಲಿಗೆವ್ವ ನಿಂತಿದ್ದಳು. "ಹೋಗು," ಎಂದರು.

ಲಿಫ್ಟು ನಾಲ್ಕು ಸಲ ಮೇಲೆ ಬಂದು ಹೋಯಿತು. ಬಂದವರು ಬೆಳಕಿಗೆ ಕಣ್ಣು ಮುಚ್ಚಿಕೊಂಡು, ಒಬ್ಬರ ಸೊಂಟ ಒಬ್ಬರು ಹಿಡಿದು, ವಾಂತಿ ಮಾಡಿಕೊಳ್ಳುತ್ತ ಹೊರಬಂದರು. ಹುಲಿಗೆವ್ವ ಫೋನಿನ ಮುಂದಿನಿಂದ ಕದಲಲಿಲ್ಲ. ಒಂದು ನಿಮಿಷಕ್ಕೊಮ್ಮೆ ಹೆಸರು ಕರೆದಳು, ಕಾದಳು. ಪ್ರತಿ ಸಲವೂ ನೀಲಾಂಬಿಕಾ ಉತ್ತರವಿಲ್ಲ ಎಂದು ಬರೆದು ಪಕ್ಕದಲ್ಲಿ ಹೊತ್ತು ಬರೆದರು. ಯಾರೋ ಹುಲಿಗೆವ್ವನಿಗೆ ನೀರು ಕೊಡಲು ಬಂದರು. ಅವಳು ಕುಡಿಯಲಿಲ್ಲ, ಆದರೆ ಕೊಟ್ಟವಳ ಕೈಯನ್ನು ಹಿಡಿದುಕೊಂಡೇ ನಿಂತಳು. ಇಪ್ಪತ್ತಾರು ಸಲ ಕರೆದಾದ ಮೇಲೆ ಲಿಫ್ಟು ಐದನೆಯ ಸಲ ಬಂತು.

ಅವನು ಗಾಡಿಯ ಸೀಟಿನಲ್ಲೇ ಸ್ಟೇರಿಂಗಿಗೆ ತಲೆಯಿಟ್ಟು ಬಿದ್ದಿದ್ದನಂತೆ. ದೇವೇಂದ್ರಪ್ಪ ಅವನನ್ನು ಹೆಗಲ ಮೇಲೆ ಹೊತ್ತಿದ್ದ, ಮಹಾದೇವಿ ತನ್ನ ಮುಖವಾಡವನ್ನು ಅವನಿಗೆ ಹಾಕಿದ್ದಳು. ನೆಲದ ಮೇಲೆ ಮಲಗಿಸಿದರು. ವೈದ್ಯರು ಆಮ್ಲಜನಕದ ನಳಿಗೆ ಹಚ್ಚಿದರು. ನಾಡಿ ಇದೆ ಎಂದು ಯಾರೋ, ಇದ್ದೇ ಇರುತ್ತದೆ ಎಂದು ಇನ್ಯಾರೋ ಹೇಳಿದರು. ಹುಲಿಗೆವ್ವ ಅವರೆಲ್ಲರನ್ನೂ ಕೈಯಿಂದ ಸರಿಸಿ ಮಗನ ಮುಖದ ಮೇಲೆ ಬಾಗಿದಳು.

"ಹಣಮೇಶಾ!"

ಗೇಟಿನ ತುಂಬ ಇದ್ದ ಜನರಲ್ಲಿ ಒಬ್ಬರೂ ಅವನ ಪರವಾಗಿ ಏನೂ ಹೇಳಲಿಲ್ಲ. ಅವಳು ಮತ್ತೆ ಕರೆದಳು. ಮತ್ತೆ. ಬಿಸಿಲು ಹುಲಿಗೆವ್ವನ ಬೆನ್ನಿನ ಮೇಲಿತ್ತು. ಕೊನೆಗೆ ನಳಿಗೆಯ ಹಿಂದಿನಿಂದ ಒಡೆದ ಧ್ವನಿಯೊಂದು ಬಂತು.

"ಒದರಬ್ಯಾಡಬೇ. ಕೇಳಸ್ತದ."

ಮೂರು ಗಂಟೆಗೆ ಮಹಾದೇವಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಅವಳ ಉಸಿರು ಸಮನಾದದ್ದನ್ನು ಕಂಡು ನೀಲಾಂಬಿಕಾ ನಿಯಂತ್ರಣ ಕೊಠಡಿಗೆ ಮರಳಿದರು. ಜಹೀರ ಉಳಿದ ಆರು ಹಂತಗಳಿಂದಲೂ ಆ ಸಾಲುಗಳನ್ನು ತೆಗೆದಿದ್ದ. ಅಲ್ಲೆಲ್ಲ ಸೇರಿ ಇನ್ನೂ ಹದಿನೇಳು ಮಾಪಕಗಳು ಹಳದಿಯಾಗಿದ್ದವು. ಅಲ್ಲಿನವರನ್ನೂ ಮೇಲೆ ಕರೆದಿದ್ದರು. ಆದರೆ ಅವನು ಕುರ್ಚಿಯಲ್ಲಿ ಕೂತಿರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ.

"ಮನಿಗೆ ಹೋಗಪ್ಪಾ," ಎಂದರು ನೀಲಾಂಬಿಕಾ.

"ಅಕ್ಕಾರ, ನಿಮಗ ಒಂದು ಹೇಳಿಲ್ಲ. ಆ ಸಾಲು ಬರದ ಮರುವರ್ಷ ನಾ ಅವನ್ನ ಹೊರಗ ಕಳಿಸಿದ್ದೆ. ಎಲ್ಲಾರೂ ಹಂಚಿಕೊಳ್ಳೋ ಕರ್ನೆಲ್‌ಗೆ. ಛಲೋ ಅದ ಅಂತ ತಗೊಂಡ್ರು. ಸುಳ್ಳು ಗಾಬರಿ ತಪ್ಪತದ ಅಂತ ಎಷ್ಟೋ ಊರಿಂದ ಪತ್ರ ಬಂದ್ವು." ಅವನು ಪರದೆಯ ಕಡೆ ಕೈ ತೋರಿಸಿದ.

ಅಲ್ಲೊಂದು ಪಟ್ಟಿ ಇತ್ತು. ಬಸ್ಸಿಗೆ ಮಾಪಕ ಜೋಡಿಸಿ ಆ ಕರ್ನೆಲ್ ನಡೆಸುತ್ತಿದ್ದ ಜಾಗಗಳು. ಅಣೆಕಟ್ಟಿನ ಗೇಟುಗಳು, ರೈಲು ಸೇತುವೆಗಳು, ಶೀತಲಗೃಹಗಳು, ಆಸ್ಪತ್ರೆಗಳು. ನೀಲಾಂಬಿಕಾ ಕೆಳಕ್ಕೆ ಸರಿಸುತ್ತ ಹೋದರು. ಪಟ್ಟಿ ಮುಗಿಯಲಿಲ್ಲ. ಪ್ರತಿಯೊಂದರಲ್ಲೂ ಆ ಹದಿನಾಲ್ಕು ಸಾಲು, ಪ್ರತಿಯೊಂದರ ಕೆಳಗೂ ಅವರ ಹೆಸರು. ನೋಡಿದ್ದೇನೆ.

ಅವರು ಕನ್ನಡಕ ಒರೆಸಿಕೊಂಡು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊದಲು ಸಿಕ್ಕಿದ್ದು ದೂರದ ಊರೊಂದರ ಹೆರಿಗೆ ಆಸ್ಪತ್ರೆ. ದಿನ ತುಂಬದೆ ಹುಟ್ಟಿದ ಮಕ್ಕಳನ್ನಿಡುವ ಗಾಜಿನ ಪೆಟ್ಟಿಗೆಗಳು ಅಲ್ಲಿ ಅರವತ್ತನಾಲ್ಕಿದ್ದವು, ಎಲ್ಲವೂ ಒಂದೇ ಬಸ್ಸಿನ ಮೇಲೆ. ಫೋನೆತ್ತಿದ್ದು ಒಬ್ಬ ನರ್ಸ್. ನೀಲಾಂಬಿಕಾ ತಮ್ಮ ಹೆಸರು ಹೇಳಿ, ಆದಷ್ಟು ನಿಧಾನವಾಗಿ, ಪ್ರತಿಯೊಂದು ಪೆಟ್ಟಿಗೆಯ ಹತ್ತಿರವೂ ಈಗಲೇ ಒಬ್ಬರು ಹೋಗಿ ಮಗುವನ್ನು ಕೈಯಿಂದ ಮುಟ್ಟಿ ನೋಡಬೇಕೆಂದು ಕೇಳಿಕೊಂಡರು.

ಆ ಹುಡುಗಿಯ ಧ್ವನಿ ತುಂಬ ಮೃದುವಾಗಿತ್ತು.

"ಯಾಕಮ್ಮ, ದನಿ ಇಷ್ಟು ನಡುಗ್ತಾ ಇದೆ? ಕೂತ್ಕೊಂಡು ಸ್ವಲ್ಪ ನೀರು ಕುಡೀರಿ. ನಾನು ಬೋರ್ಡ್ ಮುಂದೇನೇ ಇದೀನಿ, ನೀವೇನೂ ಗಾಬರಿ ಆಗ್ಬೇಡಿ," ಎಂದಳು. "ನಮ್ಮಲ್ಲಿ ಎಲ್ಲಾ ಹಸಿರೇ ಇದೆ."